ಪ್ರಾಸ್ಟೇಟ್ ಕ್ಯಾನ್ಸರ್: ಯಾವ ಪ್ರಶ್ನೆಗೆ ಯಾವ ಸ್ಕ್ಯಾನಿಂಗ್?

(ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ವೈದ್ಯರ ತಂಡದ ಪರವಾಗಿ ಮಾಡಿದ ಭಾಷಣದ ಬರಹ ರೂಪ)



25 ವರ್ಷಗಳಿಂದ ಬೆಳಿಗ್ಗೆ ಸಂಜೆ ತಪ್ಪದೆ ಹಾಲು ಅಳೆದುಕೊಂಡು, ಲೆಕ್ಕ ಬರೆದು, ಬಟವಾಡೆ ಮಾಡಿಕೊಂಡು ಬಂದಿರುವ ಈ ಸಂಘಕ್ಕೆ ಮೊದಲಿಗೆ ನಮ್ಮ ತಂಡದ ಹೃತ್ಪೂರ್ವಕ ಅಭಿನಂದನೆಗಳು. ಇಂಥ ಸಂತೋಷದ ಸಮಾರಂಭದಲ್ಲಿ ಕ್ಯಾನ್ಸರಿನ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇಷ್ಟೆ. ಸಂಘ ಶುರುವಾದಾಗ 40ರ ಪ್ರಾಯದಲ್ಲಿದ್ದು ಕ್ಯಾನು ಹೊತ್ತವರಿಗೆ ಈಗ 65 ತುಂಬಿದೆ. ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಬರುವುದು ಸರಿಯಾಗಿ ಈ ವಯಸ್ಸಿಗೇ. ಸಂಘ ಕಟ್ಟಿದ ಯಜಮಾನರು ಆರೋಗ್ಯವಾಗಿದ್ದರೆ ತಾನೇ ಮಹೋತ್ಸವಕ್ಕೆ ಕಳೆ?

ಈ ಕಾಯಿಲೆಯಲ್ಲಿ ನಮ್ಮ ಹಳ್ಳಿಗಳ ಕಡೆ ಎರಡು ಬಗೆಯ ನಷ್ಟ ಆಗುತ್ತಾ ಇದೆ. ಒಂದು, ನಾಚಿಕೆಪಟ್ಟು ಹೇಳಿಕೊಳ್ಳದೆ ತಡ ಮಾಡೋದು. ಇನ್ನೊಂದು, ಹೆದರಿಕೆಯಲ್ಲಿ ಯಾರೋ ಹೇಳಿದ ಸ್ಕ್ಯಾನಿಂಗ್ ಮಾಡಿಸಿ ಹಣ ಕಳೆದುಕೊಳ್ಳೋದು. ಆದ್ದರಿಂದ ಯಾವ ಸ್ಕ್ಯಾನಿಂಗ್ ಏನು ತೋರಿಸುತ್ತೆ, ಏನು ತೋರಿಸೋದಿಲ್ಲ ಎಂಬುದನ್ನು ಇಂದು ಬಿಡಿಸಿ ಹೇಳುತ್ತೇವೆ.

ನಿಮಗೆ ಗೊತ್ತಿರುವ ವಿಷಯದಿಂದಲೇ ಹೊರಡೋಣ. ಹಾಲಿಗೆ ನೀರು ಬಿದ್ದಿದೆಯೇ ಎಂದು ನೋಡಲು ಲ್ಯಾಕ್ಟೋಮೀಟರ್ ಇದೆ. ಫ್ಯಾಟ್ ಎಷ್ಟು ಎಂದು ತಿಳಿಯಲು ಬೇರೆ ಯಂತ್ರ ಇದೆ. ಹಸುವಿಗೆ ಕೆಚ್ಚಲು ಬಾವು ಬಂದಿದೆಯೇ ಎಂದು ನೋಡಲು ಮತ್ತೊಂದು ಪರೀಕ್ಷೆ. ಲ್ಯಾಕ್ಟೋಮೀಟರ್ ಇಳಿಬಿಟ್ಟು ಕೆಚ್ಚಲು ಬಾವು ಹುಡುಕುವವರು ಯಾರೂ ಇಲ್ಲ. ಸ್ಕ್ಯಾನಿಂಗೂ ಹಾಗೆಯೇ. ಪ್ರಶ್ನೆ ಯಾವುದು ಅಂತ ಮೊದಲು ಗೊತ್ತಾಗಬೇಕು. ಆಮೇಲೆ ಯಂತ್ರ.

ಗ್ರಂಥಿ ಎಲ್ಲಿದೆ?

ಪ್ರಾಸ್ಟೇಟ್ ಎಂಬುದು ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇದೆ. ಗಾತ್ರ ಸುಮಾರಾಗಿ ಸಿಪ್ಪೆ ಸುಲಿಯದ ಒಂದು ಹಣ್ಣಡಿಕೆಯಷ್ಟು. ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ಊದಿಕೊಂಡು ನಾಳವನ್ನು ಒತ್ತುತ್ತದೆ. ಆಗ ರಾತ್ರಿ ನಾಲ್ಕಾರು ಸಲ ಏಳಬೇಕಾಗುತ್ತದೆ, ಧಾರೆ ಸಣ್ಣದಾಗುತ್ತದೆ, ಪೂರ್ತಿ ಹೋಗಿಲ್ಲ ಅನ್ನಿಸುತ್ತದೆ. ಇವರಲ್ಲಿ ಹೆಚ್ಚಿನವರಿಗೆ ಇರುವುದು ಬರೀ ವಯಸ್ಸಿನ ಊತ, ಕ್ಯಾನ್ಸರ್ ಅಲ್ಲ. ಇನ್ನೊಂದು ಕಡೆ, ಕ್ಯಾನ್ಸರ್ ಶುರುವಿನಲ್ಲಿ ಬಹಳ ಸಲ ಯಾವ ಸೂಚನೆಯನ್ನೂ ಕೊಡುವುದಿಲ್ಲ. ತೊಂದರೆ ಇದ್ದವರೆಲ್ಲಾ ಹೆದರಬೇಕಾಗಿಲ್ಲ, ತೊಂದರೆ ಇಲ್ಲದವರೆಲ್ಲಾ ನಿಶ್ಚಿಂತೆಯಿಂದಿರಲೂ ಆಗದು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ನಮಗೆ ಬರುವ ಸಂಭವ ಎರಡು ಪಟ್ಟಿನಷ್ಟಾಗುತ್ತದೆ. ಅಂಥವರು ಸ್ವಲ್ಪ ಮುಂಚೆಯೇ ವೈದ್ಯರನ್ನು ಕಾಣಬೇಕು.

ಮೊದಲು ಬೆರಳು ಮತ್ತು ರಕ್ತ

ಸ್ಕ್ಯಾನಿಂಗಿಗೆ ಮುಂಚೆ ಎರಡು ಸುಲಭದ ಪರೀಕ್ಷೆಗಳಿವೆ. ಹಸು ಗಬ್ಬವಾಗಿದೆಯೇ ಎಂದು ಪಶುವೈದ್ಯರು ಹೇಗೆ ನೋಡ್ತಾರೆ? ಮಲದ್ವಾರದಿಂದ ಕೈ ಹಾಕಿ ಗರ್ಭಕೋಶ ಮುಟ್ಟಿ ನೋಡ್ತಾರೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ನಮ್ಮ ಪರೀಕ್ಷೆಯೂ ಅದೇ ದಾರಿಯದು, ಆದರೆ ಒಂದೇ ಬೆರಳು, ಅರ್ಧ ನಿಮಿಷದ ಕೆಲಸ. ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70 ಗ್ರಂಥಿಯ ಹಿಂಭಾಗದ ಹೊರಪದರದಲ್ಲೇ ಹುಟ್ಟುವುದರಿಂದ ಗಟ್ಟಿ ಗಂಟು ಕೆಲವೊಮ್ಮೆ ಬೆರಳಿಗೆ ಸಿಗುತ್ತದೆ. ಸಿಗದಿದ್ದರೆ ಇಲ್ಲ ಎಂದೇನೂ ಅಲ್ಲ.

ಎರಡನೆಯದು ಪಿ.ಎಸ್.ಎ. ಎಂಬ ರಕ್ತ ಪರೀಕ್ಷೆ. ಈ ಗ್ರಂಥಿ ಮಾಡುವ ಒಂದು ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುತ್ತಾರೆ. ವಾಡಿಕೆಯ ಗೆರೆ ಒಂದು ಮಿಲಿಲೀಟರಿಗೆ 4 ನ್ಯಾನೋಗ್ರಾಂ. ಗೆರೆ ದಾಟಿದರೆ ಕ್ಯಾನ್ಸರ್ ಎಂದು ತೀರ್ಪಲ್ಲ. ವಯಸ್ಸಿನ ಊತಕ್ಕೂ, ಮೂತ್ರದ ಸೋಂಕಿಗೂ ಅಂಕಿ ಏರುತ್ತದೆ. ಸೋಂಕು ಇದ್ದರೆ ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ನೋಡಬೇಕು. ಊತ ಇಳಿಸಲು ಕೊಡುವ ಫಿನಾಸ್ಟೆರೈಡ್, ಡುಟಾಸ್ಟೆರೈಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ಅಂಕಿ ಅರ್ಧಕ್ಕೆ ಇಳಿದಿರುತ್ತದೆ. ಆದ್ದರಿಂದ ಮಾತ್ರೆ ಚೀಟಿ ತೋರಿಸದೆ ರಕ್ತ ಕೊಡಬೇಡಿ.

ಅಲ್ಟ್ರಾಸೌಂಡ್: ಅಳತೆಗೆ ಸರಿ, ಹುಡುಕಲು ಸಾಲದು

ನಾವೆಲ್ಲ ಕಂಡಿರುವ ಹೊಟ್ಟೆ ಸ್ಕ್ಯಾನಿಂಗ್ ಇದೇ. ಕಿವಿಗೆ ಕೇಳಿಸದ ಶಬ್ದದ ಅಲೆ ಒಳಗೆ ಹೋಗಿ, ತಾಗಿ, ಮರಳಿ ಬಂದದ್ದರಿಂದ ಚಿತ್ರ ಮೂಡುತ್ತದೆ. ವಿಕಿರಣ ಇಲ್ಲ, ಖರ್ಚು ಕಡಿಮೆ, ತಾಲ್ಲೂಕು ಮಟ್ಟದಲ್ಲೂ ಸಿಗುತ್ತದೆ. ಗ್ರಂಥಿ ಎಷ್ಟು ದೊಡ್ಡದಾಗಿದೆ, ಮೂತ್ರ ಹೊಯ್ದ ಮೇಲೆ ಒಳಗೆ ಎಷ್ಟು ಉಳಿದಿದೆ, ಕಿಡ್ನಿ ಊದಿದೆಯೇ ಎಂಬುದಕ್ಕೆ ಇದು ಬಹಳ ಒಳ್ಳೆಯದು. ಆದರೆ ಹೊಟ್ಟೆಯ ಮೇಲಿಂದ ನೋಡಿ ಕ್ಯಾನ್ಸರ್ ಇಲ್ಲ ಎಂದು ಯಾರೂ ಹೇಳಲಾರರು.

ಇನ್ನೂ ಹತ್ತಿರದಿಂದ ನೋಡಲು ಸಣ್ಣ ಕೊಳವೆಯಂಥ ಉಪಕರಣವನ್ನು ಗುದನಾಳದ ಮೂಲಕ ಇಟ್ಟು ನೋಡುವ ವಿಧಾನ ಉಂಟು. ಚಿತ್ರ ಸ್ಪಷ್ಟವಾಗಿರುತ್ತದೆ. ಆದರೂ ಎಷ್ಟೋ ಗಡ್ಡೆಗಳು ಸುತ್ತಲಿನ ಮಾಂಸದಂತೆಯೇ ಕಂಡು ತಪ್ಪಿಸಿಕೊಳ್ಳುತ್ತವೆ. ಅದಕ್ಕೇ ಇದನ್ನು ಮುಖ್ಯವಾಗಿ ಬಯಾಪ್ಸಿಗೆ, ಅಂದರೆ ಸೂಜಿಯಿಂದ ಮಾಂಸದ ಚೂರು ತೆಗೆಯುವಾಗ ದಾರಿ ತೋರಿಸಲು ಬಳಸುತ್ತಾರೆ. ಗಡ್ಡೆ ಎಲ್ಲಿದೆಯೆಂದು ಕಾಣದಿದ್ದ ಕಾಲದಲ್ಲಿ ಗ್ರಂಥಿಯ ಎಲ್ಲ ಭಾಗದಿಂದ ಲೆಕ್ಕ ಹಾಕಿ 10–12 ಚೂರು ತೆಗೆಯುವುದು ರೂಢಿಯಾಯಿತು. ಬಾವಿಗೆ ಬಿದ್ದ ಕೊಡವನ್ನು ಕತ್ತಲಲ್ಲಿ ಪಾತಾಳಗರಡಿ ಆಡಿಸಿ ಹುಡುಕಿದ ಹಾಗೆ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಎಂ.ಆರ್.ಐ.: ಗ್ರಂಥಿಯ ಒಳಗೆ ಎಲ್ಲಿದೆ?

ಈ ಕತ್ತಲಿಗೆ ದೀಪ ಹಿಡಿದದ್ದು ಎಂ.ಆರ್.ಐ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ಚಿತ್ರ ತೆಗೆಯುವ ಯಂತ್ರ ಇದು. ಇದರಲ್ಲಿ ಎಕ್ಸ್‌ರೇ ವಿಕಿರಣ ಇಲ್ಲ. ಇದಕ್ಕೆ ಅಡಿಪಾಯ ಹಾಕಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಹುಮಾನ ಬಂತು. ಗ್ರಂಥಿಯ ಪದರಗಳು ಇದರಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಜೀವಕೋಶಗಳು ಒತ್ತೊತ್ತಾಗಿ ಬೆಳೆದ ಕಡೆ ನೀರಿನ ಕಣಗಳಿಗೆ ಓಡಾಡಲು ಜಾಗ ಸಾಲದು. ಆ ಗುರುತನ್ನೂ ಯಂತ್ರ ಹಿಡಿಯುತ್ತದೆ. ಅನುಮಾನ ಎಷ್ಟು ಬಲವಾಗಿದೆ ಎಂದು 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಇದಕ್ಕೆ ಪೈರಾಡ್ಸ್ ಎಂದು ಹೆಸರು. 1, 2 ಎಂದರೆ ಅನುಮಾನ ಕಡಿಮೆ. 3 ಎಂದರೆ ಎರಡೂ ಆಗಬಹುದು. 4, 5 ಎಂದರೆ ಚೂರು ತೆಗೆದು ನೋಡಲೇಬೇಕು.

ಇದು ಬಾಯಿಮಾತಲ್ಲ, ಒರೆಗೆ ಹಚ್ಚಿ ನೋಡಿದ್ದಾರೆ. ಬ್ರಿಟನ್ನಿನಲ್ಲಿ ಪ್ರಾಮಿಸ್ ಎಂಬ ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಯಿತು. 576 ಗಂಡಸರಿಗೆ ಎಂ.ಆರ್.ಐ., ಹಳೆಯ ಬಗೆಯ ಬಯಾಪ್ಸಿ, ಜೊತೆಗೆ ಇಡೀ ಗ್ರಂಥಿಯನ್ನು ಅಂಗುಲ ಅಂಗುಲ ಶೋಧಿಸುವ ಬಯಾಪ್ಸಿ, ಮೂರನ್ನೂ ಮಾಡಿ ತಾಳೆ ನೋಡಿದರು. ಅಪಾಯದ ಕ್ಯಾನ್ಸರ್ ಇದ್ದ ಪ್ರತಿ 100 ಜನರಲ್ಲಿ ಎಂ.ಆರ್.ಐ. 93 ಜನರನ್ನು ಹಿಡಿಯಿತು, ಹಳೆಯ ಬಯಾಪ್ಸಿ 48 ಜನರನ್ನು ಮಾತ್ರ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ. ಅಂಥ ಕ್ಯಾನ್ಸರ್ ಇಲ್ಲದ 100 ಜನರಲ್ಲಿ 'ಇಲ್ಲ' ಎಂದು ಎಂ.ಆರ್.ಐ. ಸರಿಯಾಗಿ ಹೇಳಿದ್ದು 41 ಜನರಿಗೆ ಮಾತ್ರ. ಆದ್ದರಿಂದ ವರದಿಯಲ್ಲಿ ಅನುಮಾನ ಎಂದು ಬರೆದರೆ ಎದೆ ಒಡೆದುಕೊಳ್ಳಬೇಡಿ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಕೊನೆಗೆ ಹೇಳುವುದು ಮಾಂಸದ ಚೂರೇ.

2018ರಲ್ಲಿ 11 ದೇಶಗಳ 500 ಗಂಡಸರ ಮೇಲೆ ನಡೆದ ಪ್ರಿಸಿಷನ್ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ನೇರವಾಗಿ ಹಳೆಯ ಬಯಾಪ್ಸಿ. ಇನ್ನೊಂದು ಗುಂಪಿಗೆ ಮೊದಲು ಎಂ.ಆರ್.ಐ., ಅನುಮಾನ ಕಂಡ ಜಾಗಕ್ಕೆ ಮಾತ್ರ ಸೂಜಿ. ಎಂ.ಆರ್.ಐ. ಗುಂಪಿನಲ್ಲಿ ನೂರಕ್ಕೆ 28 ಜನರಿಗೆ ಸೂಜಿಯೇ ಬೇಕಾಗಲಿಲ್ಲ. ಹಾಗಿದ್ದೂ ಅಪಾಯದ ಕ್ಯಾನ್ಸರ್ ಸಿಕ್ಕಿದ್ದು ಆ ಗುಂಪಿನಲ್ಲಿ ನೂರಕ್ಕೆ 38 ಜನರಲ್ಲಿ, ಹಳೆಯ ಕ್ರಮದಲ್ಲಿ 26 ಜನರಲ್ಲಿ. ನಿರುಪದ್ರವಿ ಕ್ಯಾನ್ಸರ್ ಸಿಕ್ಕಿದ್ದು 9 ಮತ್ತು 22. ಈ ಕೊನೆಯ ಲೆಕ್ಕ ಮುಖ್ಯ. ಪ್ರಾಸ್ಟೇಟಿನಲ್ಲಿ ಆಮೆಯಂತೆ ತೆವಳುವ, ಜೀವಕ್ಕೆ ಎಂದೂ ತೊಂದರೆ ಕೊಡದ ಕ್ಯಾನ್ಸರ್ ಎಷ್ಟೋ ಜನರಲ್ಲಿ ಇರುತ್ತದೆ. ಅದನ್ನೂ ಹುಡುಕಿ ಆಪರೇಷನ್ ಮಾಡಿದರೆ ಮೂತ್ರ ತಡೆಯಲಾಗದ ಕಷ್ಟ, ದಾಂಪತ್ಯದ ಕಷ್ಟ ಸುಮ್ಮನೆ ಮೈಮೇಲೆ ಬರುತ್ತದೆ.

ಇಲ್ಲಿ ಮರೆಯಬಾರದ ಮಾತೊಂದಿದೆ. ಎಂ.ಆರ್.ಐ. ಬಯಾಪ್ಸಿಗೆ ಮುಂಚೆ ಆಗಬೇಕು. ಸೂಜಿ ಚುಚ್ಚಿದ ಮೇಲೆ ಒಳಗೆ ಕಟ್ಟಿದ ರಕ್ತ ವಾರಗಟ್ಟಲೆ ಚಿತ್ರವನ್ನು ಕಲಕುತ್ತದೆ. ಗೊಬ್ಬರ ಚೆಲ್ಲಿದ ಮಾರನೇ ದಿನ ಮಣ್ಣು ಪರೀಕ್ಷೆಗೆ ಕಳಿಸಿದಂತೆ ಆಗುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದವರು, ಮೈಯಲ್ಲಿ ಲೋಹದ ಕ್ಲಿಪ್ ಇರುವವರು, ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕವರು ಮೊದಲೇ ಹೇಳಬೇಕು. ಕಿಡ್ನಿ ತೊಂದರೆ ಇದ್ದವರೂ ಹೇಳಬೇಕು, ಯಾಕೆಂದರೆ ಕೆಲವು ಸಲ ಬಣ್ಣದ ಇಂಜೆಕ್ಷನ್ ಕೊಡುತ್ತಾರೆ. ಆ ಇಂಜೆಕ್ಷನ್ ಇಲ್ಲದ ಚುಟುಕು ಎಂ.ಆರ್.ಐ. ಸಹ ಅಪಾಯದ ಕ್ಯಾನ್ಸರನ್ನು ಅಷ್ಟೇ ಚೆನ್ನಾಗಿ ಹಿಡಿಯುತ್ತದೆ ಎಂದು 2025ರಲ್ಲಿ ಪ್ರಕಟವಾದ ಪ್ರೈಮ್ ಅಧ್ಯಯನ ತೋರಿಸಿತು. ಸಮಯವೂ ಉಳಿತಾಯ, ಖರ್ಚೂ ಉಳಿತಾಯ. ಚಿತ್ರ ಮಾತ್ರ ಒಳ್ಳೆಯ ಗುಣಮಟ್ಟದ್ದಾಗಿರಬೇಕು, ಓದುವವರಿಗೂ ಪಳಗಿದ ಕಣ್ಣಿರಬೇಕು.

ಸಿ.ಟಿ. ಮತ್ತು ಬೋನ್ ಸ್ಕ್ಯಾನ್: ಹೊರಗೆ ಹರಡಿದೆಯೇ?

ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಯಿತು, ಅದೂ ಜೋರಿನ ಜಾತಿಯದು ಎಂದುಕೊಳ್ಳಿ. ಆಗ ಮುಂದಿನ ಪ್ರಶ್ನೆ ಬರುತ್ತದೆ: ಬೇಲಿ ದಾಟಿದೆಯೇ? ಈ ಕ್ಯಾನ್ಸರ್ ಹೆಚ್ಚಾಗಿ ಹೋಗುವುದು ಕಿಬ್ಬೊಟ್ಟೆಯ ದುಗ್ಧರಸ ಗ್ರಂಥಿಗಳಿಗೆ ಮತ್ತು ಬೆನ್ನು, ಸೊಂಟದ ಮೂಳೆಗಳಿಗೆ. ಬಹುಕಾಲ ಇದಕ್ಕೆ ಸಿ.ಟಿ. ಸ್ಕ್ಯಾನ್ ಮತ್ತು ಬೋನ್ ಸ್ಕ್ಯಾನ್ ಜೋಡಿಯೇ ಆಧಾರವಾಗಿತ್ತು.

ಸಿ.ಟಿ. ಎಂದರೆ ಎಕ್ಸ್‌ರೇಯಿಂದ ಮೈಯನ್ನು ಹಲಸಿನ ತೊಳೆ ಬಿಡಿಸಿದ ಹಾಗೆ ಪದರ ಪದರವಾಗಿ ತೋರಿಸುವ ಯಂತ್ರ. ತಲೆಯ ಪೆಟ್ಟಿಗೆ, ಎದೆಗೆ, ಹೊಟ್ಟೆಗೆ ಬಹಳ ಉಪಕಾರಿ. ಆದರೆ ಪ್ರಾಸ್ಟೇಟಿನ ಒಳಗಿನ ಕ್ಯಾನ್ಸರೂ ಒಳ್ಳೆಯ ಮಾಂಸವೂ ಇದರಲ್ಲಿ ಹೆಚ್ಚುಕಡಿಮೆ ಒಂದೇ ಬಣ್ಣ. ದುಗ್ಧರಸ ಗ್ರಂಥಿಯನ್ನೂ ಇದು ಗಾತ್ರದಿಂದ ಮಾತ್ರ ತೂಗುತ್ತದೆ. ಗ್ರಂಥಿ ಊದುವ ಮುಂಚೆ ಒಳಗೆ ಸೇರಿದ ಕ್ಯಾನ್ಸರ್ ಕಾಣುವುದಿಲ್ಲ. ಒಬ್ಬ ಯಜಮಾನರು ಕರೆಯುವ ಎರಡು ಹಸು ಮಾರಿ ನಗರಕ್ಕೆ ಹೋಗಿ ತಾವಾಗಿಯೇ ಹೊಟ್ಟೆಯ ಸಿ.ಟಿ. ಮಾಡಿಸಿಕೊಂಡರು. ಗ್ರಂಥಿ ಊದಿದೆ, ಬೇರೇನೂ ಕಾಣುತ್ತಿಲ್ಲ ಎಂದು ವರದಿ ಬಂತು. ಸದ್ಯ ಬಚಾವಾದೆ ಎಂದು ಪಿ.ಎಸ್.ಎ. ನೋಡಿಸದೆ ಸುಮ್ಮನಾದರು. ಒಂದೂವರೆ ವರ್ಷದ ಮೇಲೆ ಬೆನ್ನು ನೋವೆಂದು ನಮ್ಮ ಬಳಿ ಬಂದಾಗ ಮೂಳೆಗೆ ಇಳಿದಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೇಳಬಾರದ ಪ್ರಶ್ನೆ ಕೇಳಿದ್ದೇ ಆದದ್ದು.

ಬೋನ್ ಸ್ಕ್ಯಾನಿನಲ್ಲಿ ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ಸ್ವಲ್ಪ ಇಂಜೆಕ್ಷನ್ ಮಾಡಿ ಎರಡು ಮೂರು ಗಂಟೆ ಬಿಟ್ಟು ಚಿತ್ರ ತೆಗೆಯುತ್ತಾರೆ. 6 ಗಂಟೆಗೊಮ್ಮೆ ಅದರ ಕಸುವು ಅರ್ಧಕ್ಕೆ ಇಳಿಯುವುದರಿಂದ ಬೇಗ ತೀರಿಹೋಗುತ್ತದೆ. ಮೂಳೆ ಎಲ್ಲೆಲ್ಲಿ ರಿಪೇರಿ ಆಗುತ್ತಿದೆಯೋ ಅಲ್ಲಲ್ಲಿ ಅದು ಸೇರಿಕೊಂಡು ಹೊಳೆಯುತ್ತದೆ. ತೊಡಕೇನೆಂದರೆ ಮಂಡಿ ಸವೆತವೂ ಹೊಳೆಯುತ್ತದೆ, ಹಳೆಯ ಮುರಿತವೂ ಹೊಳೆಯುತ್ತದೆ. ಗಾಡಿಯಿಂದ ಬಿದ್ದು ಪಕ್ಕೆಲುಬು ಮುರಿದಿದ್ದರೆ ಅದನ್ನು ಮುಂಚೆಯೇ ಹೇಳಿಬಿಡಿ.

ಹಾಲಿನವರಿಗೆ ಇಷ್ಟವಾಗುವ ಒಂದು ಸಂಗತಿ ಇದೆ. ಈ ಟೆಕ್ನೀಷಿಯಂ ಹೊರಗಿನಿಂದ ಸೀಸೆಯಲ್ಲಿ ಬಂದರೆ ದಾರಿಯಲ್ಲೇ ಸತ್ವ ಕಳೆದುಕೊಳ್ಳುತ್ತೆ. ಅದಕ್ಕೇ ಮೊಲಿಬ್ಡಿನಂ ತುಂಬಿದ ಸೀಸದ ಕವಚದ ಪೆಟ್ಟಿಗೆಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಅದರಲ್ಲಿ ಊರುವ ಟೆಕ್ನೀಷಿಯಂ ಅನ್ನು ಬೇಕಾದಾಗ ತೆಗೆದುಕೊಳ್ಳುತ್ತಾರೆ. ಜಗತ್ತಿನಾದ್ಯಂತ ಈ ಕೆಲಸದವರು ಆ ಪೆಟ್ಟಿಗೆಗೆ ಹಸು ಅಂತಲೂ, ತೆಗೆಯುವುದಕ್ಕೆ ಹಾಲು ಕರೆಯೋದು ಅಂತಲೂ ಹೇಳುತ್ತಾರೆ! ಕರೆದ ಮೇಲೆ ಮತ್ತೆ ಕೆಚ್ಚಲು ತುಂಬಲು ಹೊತ್ತು ಬಿಡಬೇಕು. ವಾರ ಕಳೆಯುತ್ತಲೂ ಹಸು ಬತ್ತುತ್ತದೆ, ಹೊಸದು ತರಿಸಬೇಕು.

ಪಿ.ಎಸ್.ಎಂ.ಎ. ಪೆಟ್ ಸ್ಕ್ಯಾನ್: ಹೊಸ ಕಣ್ಣು

ಪ್ರಾಸ್ಟೇಟ್ ಕ್ಯಾನ್ಸರಿನ ಬಹುಪಾಲು ಜೀವಕೋಶಗಳ ಮೈಮೇಲೆ ಪಿ.ಎಸ್.ಎಂ.ಎ. ಎಂಬ ಪ್ರೋಟೀನು ದಟ್ಟವಾಗಿರುತ್ತದೆ. ಅದಕ್ಕೆ ಹೋಗಿ ಅಂಟಿಕೊಳ್ಳುವ ಔಷಧಕ್ಕೆ ಗ್ಯಾಲಿಯಂ ಅಥವಾ ಫ್ಲೋರಿನ್ ವಿಕಿರಣ ವಸ್ತುವನ್ನು ಕಟ್ಟಿ ಇಂಜೆಕ್ಷನ್ ಕೊಡುತ್ತಾರೆ. ಗ್ಯಾಲಿಯಂ 68 ನಿಮಿಷಕ್ಕೆ ಅರ್ಧವಾಗುತ್ತದೆ. ಅದನ್ನೂ ಇಂಥದೇ ಒಂದು ಹಸುವಿನಿಂದ ಕರೆದುಕೊಳ್ಳಬಹುದು. ಕ್ಯಾನ್ಸರ್ ದುಗ್ಧರಸ ಗ್ರಂಥಿಯಲ್ಲಿರಲಿ, ಮೂಳೆಯಲ್ಲಿರಲಿ, ಸಣ್ಣದಿದ್ದರೂ ಹೊಳೆಯುತ್ತದೆ. ಬೋನ್ ಸ್ಕ್ಯಾನ್ ಮೂಳೆಯ ರಿಪೇರಿಯನ್ನು ತೋರಿಸಿದರೆ, ಇದು ಕ್ಯಾನ್ಸರನ್ನೇ ತೋರಿಸುತ್ತದೆ.

ಆಸ್ಟ್ರೇಲಿಯಾದಲ್ಲಿ ಅಪಾಯ ಹೆಚ್ಚಿರುವ 302 ರೋಗಿಗಳ ಮೇಲೆ ಇದನ್ನು ಹಳೆಯ ಜೋಡಿಯೊಂದಿಗೆ ಹೋಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹರಡಿದೆಯೋ ಇಲ್ಲವೋ ಎಂದು ಸರಿಯಾಗಿ ಹೇಳಿದ್ದು ಪಿ.ಎಸ್.ಎಂ.ಎ. ಪೆಟ್ ನೂರಕ್ಕೆ 92, ಸಿ.ಟಿ. ಮತ್ತು ಬೋನ್ ಸ್ಕ್ಯಾನ್ ಸೇರಿ 65. ಮೈಗೆ ತಾಗಿದ ವಿಕಿರಣ 8.4 ಮಿಲಿಸೀವರ್ಟ್, ಹಳೆಯ ಜೋಡಿಯಲ್ಲಿ 19.2. ಆಪರೇಷನ್ ಆದ ಮೇಲೆ ಪಿ.ಎಸ್.ಎ. ಮತ್ತೆ ಏರತೊಡಗಿದಾಗ ಕಳೆ ಎಲ್ಲಿ ಚಿಗುರಿದೆ ಎಂದು ಹುಡುಕಲೂ ಇದೇ ಹೆಚ್ಚು ಅನುಕೂಲ.

ಇದಕ್ಕೂ ಕೊರತೆ ಇದೆ. ಕೆಲವು ಕ್ಯಾನ್ಸರುಗಳಲ್ಲಿ ಆ ಪ್ರೋಟೀನೇ ಇರುವುದಿಲ್ಲ, ಅವು ಹೊಳೆಯುವುದಿಲ್ಲ. ಜೊಲ್ಲು ಗ್ರಂಥಿ, ಕಿಡ್ನಿ ಇವು ಆರೋಗ್ಯವಾಗಿದ್ದರೂ ಹೊಳೆಯುತ್ತವೆ. ಪಕ್ಕೆಲುಬಿನ ಸಣ್ಣ ಹೊಳಪು ಎಷ್ಟೋ ಸಲ ಏನೂ ಅಲ್ಲ. ಹೆಚ್ಚು ಕಂಡಿತು ಎಂದ ಮಾತ್ರಕ್ಕೆ ಆಯುಷ್ಯ ಹೆಚ್ಚಿತು ಎಂದೂ ಅಲ್ಲ. ಪೆಟ್ ಎಂದರೆ ಎಲ್ಲಾ ಒಂದೇ ಅಲ್ಲ ಎಂಬುದನ್ನೂ ಗಮನಿಸಿ. ಬೇರೆ ಕ್ಯಾನ್ಸರುಗಳಿಗೆ ಮಾಡುವ ಸಕ್ಕರೆ ಅಂಶದ ಮಾಮೂಲಿ ಪೆಟ್‌ನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಹಳ ಸಲ ಮಂಕಾಗಿರುತ್ತದೆ. ಚೀಟಿಯಲ್ಲಿ ಪಿ.ಎಸ್.ಎಂ.ಎ. ಎಂದು ಬರೆದಿದೆಯೇ ಎಂದು ಓದಿಸಿ ನೋಡಿ.

ನಾವು ಮಾಡಬೇಕಾದ್ದು

ಒಟ್ಟಾರೆ ಕ್ರಮ ಹೀಗೆ: ಅನುಮಾನಕ್ಕೆ ಬೆರಳು ಮತ್ತು ಪಿ.ಎಸ್.ಎ.; ಗಾತ್ರಕ್ಕೆ ಅಲ್ಟ್ರಾಸೌಂಡ್; ಒಳಗೆ ಎಲ್ಲಿ ಎಂಬುದಕ್ಕೆ ಎಂ.ಆರ್.ಐ.; ಖಚಿತಕ್ಕೆ ಬಯಾಪ್ಸಿ; ಹರಡಿದೆಯೇ ಎಂಬುದಕ್ಕೆ, ಅಪಾಯ ಹೆಚ್ಚಿದ್ದವರಿಗೆ ಮಾತ್ರ, ಪಿ.ಎಸ್.ಎಂ.ಎ. ಪೆಟ್. ಅದು ಕೈಗೆಟುಕದಿದ್ದರೆ ಸಿ.ಟಿ. ಮತ್ತು ಬೋನ್ ಸ್ಕ್ಯಾನ್ ಈಗಲೂ ಉಪಯೋಗಕ್ಕೆ ಬರುತ್ತವೆ. ಕ್ಯಾನ್ಸರ್ ನಿಧಾನದ ಜಾತಿಯದಾದರೆ ಮೈಯೆಲ್ಲಾ ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲ. ಆಗಾಗ ಪಿ.ಎಸ್.ಎ., ಎಂ.ಆರ್.ಐ. ನೋಡುತ್ತಾ ಕಣ್ಗಾವಲಿಡುವುದೂ ಒಂದು ಚಿಕಿತ್ಸೆಯೇ.

ಯಾವ ಸ್ಕ್ಯಾನಿಗೂ ದುಡ್ಡು ಕಟ್ಟುವ ಮೊದಲು ವೈದ್ಯರನ್ನು ವಿನಯವಾಗಿಯೇ ಎರಡು ಮಾತು ಕೇಳಿ. 'ಇದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತೆ ಸಾರ್? ಉತ್ತರ ಹೌದು ಅಂತ ಬಂದರೆ ಏನು ಮಾಡ್ತೀರಿ, ಇಲ್ಲ ಅಂತ ಬಂದರೆ ಏನು ಮಾಡ್ತೀರಿ?' ಎರಡಕ್ಕೂ ಚಿಕಿತ್ಸೆ ಒಂದೇ ಆಗಿದ್ದರೆ ಆ ಸ್ಕ್ಯಾನ್ ಬೇಕೇ ಎಂದು ಯೋಚಿಸಬಹುದು. ವರದಿ, ಫಿಲ್ಮು, ಸಿ.ಡಿ. ಎಲ್ಲವನ್ನೂ ಸಂಘದ ಪಾಸ್ ಪುಸ್ತಕದಂತೆ ಒಂದೇ ಚೀಲದಲ್ಲಿ ಜೋಪಾನವಾಗಿಡಿ. ಹೋದ ಕಡೆಯೆಲ್ಲಾ ಮತ್ತೆ ಮತ್ತೆ ಅದೇ ಸ್ಕ್ಯಾನ್ ಮಾಡಿಸುವುದು ತಪ್ಪುತ್ತದೆ.

ಖರ್ಚಿನ ವಿಷಯ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ನಾಡಿನ ಕ್ಯಾನ್ಸರ್ ರೋಗಿಗಳಿಗೆ ಆಸರೆಯಾಗಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಸಹಕಾರಿಗಳಿಗಾಗಿಯೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ 2018ರಲ್ಲಿ ನಿಂತು 2023ರಲ್ಲಿ ಮತ್ತೆ ಶುರುವಾಯಿತು. ಯಾವ ಪರೀಕ್ಷೆ ಯಾವ ಯೋಜನೆಗೆ ಸೇರುತ್ತದೆ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯ ಯೋಜನೆ ಕೌಂಟರಿನಲ್ಲಿ ಕೇಳಿಕೊಳ್ಳಿ. ಹಸು ಮಾರುವ ಮಾತು ಆಮೇಲೆ.

ಎರಡು ಸೂಚನೆಗಳಿಗೆ ಮಾತ್ರ ತಡ ಬೇಡ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡರೂ ವೈದ್ಯರಿಗೆ ತೋರಿಸಿ. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಬೆನ್ನು ನೋವಿನ ಜೊತೆ ಕಾಲು ಸೋಲತೊಡಗಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಬೆನ್ನುಹುರಿಯ ಎಂ.ಆರ್.ಐ. ಆಗಬೇಕು. ನಾಳೆ ಸಂತೆ, ನಾಡಿದ್ದು ಹಬ್ಬ ಎಂದು ಮುಂದೂಡಿದರೆ ಕಾಲು ವಾಪಸ್ ಬಾರದೆ ಹೋಗಬಹುದು.

ತಾಯಂದಿರಲ್ಲಿ ಒಂದು ಕೋರಿಕೆ. ರಾತ್ರಿ ಯಜಮಾನರು ಎಷ್ಟು ಸಲ ಏಳುತ್ತಾರೆಂದು ಅವರಿಗಿಂತ ಚೆನ್ನಾಗಿ ನಿಮಗೆ ಗೊತ್ತು. ಅವರು ಬಾಯಿ ಬಿಡದಿದ್ದರೆ ನೀವೇ ಹೇಳಿ, ಜೊತೆಗೆ ಹೊರಡಿಸಿ. ಹಿರಿಯರಲ್ಲಿ ನಮ್ಮ ಕೋರಿಕೆ: ಹಸುವಿಗೆ ಮೈ ಬಿಸಿಯಾದರೆ ಅರ್ಧ ರಾತ್ರಿಯಲ್ಲಿ ಡಾಕ್ಟರಿಗೆ ಫೋನು ಮಾಡುವ ನೀವು, ನಿಮ್ಮ ಮೈಗೂ ಅದರ ಕಾಲು ಭಾಗ ಕಾಳಜಿ ತೋರಿಸಿ.

  ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಇಂದು ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ಅಂದೂ ಮುಂದಿನ ಸಾಲಿನಲ್ಲೇ ಇರಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.